ಗಡಿ ಬದಲಾದ ಗಣಿನಾಡು

ನುಡಿ ಒಂದಾದರೆ ನಿಷ್ಠೆಯೂ ಒಂದೇ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಯುರೋಪಿನ ಮೇಲಣ ಸೈಲೀಷಿಯದ ಚರಿತ್ರೆ ಈ ಭಾವನೆಯನ್ನು ಪುಷ್ಟೀಕರಿಸುವುದಿಲ್ಲ.

ಕಲ್ಲಿದ್ದಲು, ಸತು, ಉಕ್ಕುಗಳಿಂದ ಸಂಪನ್ನವಾದ ಈ ಸೀಮೆ ಮೊದಲನೆಯ ಮಹಾಯುದ್ಧದವರೆಗೆ ಜರ್ಮನಿಗೆ ಸೇರಿತ್ತು. ಹೆಚ್ಚಿನವರ ಮನೆಮಾತು ಪೋಲಿಷ್. ಕಚೇರಿ, ಶಾಲೆಗಳ ಮಾತು ಜರ್ಮನ್. ಯುದ್ಧಾನಂತರ ಮರುಹುಟ್ಟು ಪಡೆದ ಪೋಲೆಂಡ್ ಈ ಸೀಮೆ ತನ್ನದೆಂದಿತು. 1921ರ ಮಾರ್ಚ್ 20ರಂದು ಜನಮತಗಣನೆ ನಡೆಯಿತು. ಜರ್ಮನಿಗೆ ಸುಮಾರು 7 ಲಕ್ಷ, ಪೋಲೆಂಡಿಗೆ ಸುಮಾರು 4.8 ಲಕ್ಷ ಮತಗಳು ಬಿದ್ದವು. ಎಂದರೆ, ಪೋಲಿಷ್ ಆಡುವ ಎಷ್ಟೋ ಮನೆಗಳವರು ಜರ್ಮನಿಯನ್ನೇ ಆರಿಸಿದರು. ಕೂಲಿ, ವಿಮೆ, ಪಿಂಚಣಿಗಳ ಭದ್ರತೆಯನ್ನೂ ಜನ ತೂಗಿ ನೋಡಿದ್ದರು.

ಅಲ್ಲಿ ಹುಟ್ಟಿ ಹೊರಗೆ ನೆಲೆಸಿದವರಿಗೂ ಮತದ ಹಕ್ಕಿತ್ತು. ಅಂಥ ಸುಮಾರು 1.9 ಲಕ್ಷ ಮಂದಿ ಬಂದರು. ಜರ್ಮನಿಯಿಂದ ವಿಶೇಷ ರೈಲುಗಳೇ ಓಡಿದವು. ಅವರಲ್ಲಿ ಬಹುಪಾಲು ಜನ ಜರ್ಮನಿಗೆ ಮತವಿತ್ತು ತಮ್ಮ ಕೆಲಸಗಳಿಗೆ ಹಿಂದಿರುಗಿದರು. ಮೇ ತಿಂಗಳಲ್ಲಿ ಪೋಲಿಷ್ ಪಕ್ಷದವರು ದಂಗೆ ಎದ್ದರು. 1922ರಲ್ಲಿ ಸೀಮೆ ಇಬ್ಭಾಗವಾಯಿತು. ಕಟೋವಿಟ್ಸೆಯೂ ಹೆಚ್ಚಿನ ಗಣಿಗಳೂ ಪೋಲೆಂಡಿನ ಪಾಲಾದವು.

1939ರಲ್ಲಿ ಹಿಟ್ಲರನ ಆಡಳಿತ ಇವರನ್ನು ಜರ್ಮನರೆಂದು ಪಟ್ಟಿಗೆ ಸೇರಿಸಲು ಹೊರಟಿತು. 1945ರ ಅನಂತರ ಸೀಮೆಯೆಲ್ಲ ಪೋಲೆಂಡಿಗೆ ಸೇರಲು, ಅದೇ ಜನ ತಾವು ಪೋಲರೆಂದು ಸಿದ್ಧಪಡಿಸಬೇಕಾಯಿತು; ಆಗದವರು ಊರು ಬಿಡಬೇಕಾಯಿತು. ಆದರೂ ಪೋಲೆಂಡಿನ 2011ರ ಜನಗಣತಿಯಲ್ಲಿ 8 ಲಕ್ಷಕ್ಕೂ ಹೆಚ್ಚು ಮಂದಿ ತಾವು ಸೈಲೀಷಿಯದವರೆಂದು ಬರೆಸಿದರು.

ಹೊರನಾಡಿನಲ್ಲಿದ್ದುಕೊಂಡು ತವರಿನ ಗಡಿಯ ಬಗೆಗೆ ಬಿಸಿಬಿಸಿಯಾಗಿ ಚರ್ಚಿಸುವ ನಾವು ಆ ವಿಶೇಷ ರೈಲುಗಳನ್ನು ಒಮ್ಮೆ ನೆನೆಯುವುದು ಒಳ್ಳೆಯದು. ಮತವಿತ್ತವರು ಮರಳಿ ಹೋದರು. ಅದರ ಫಲವನ್ನುಂಡವರು ಊರಿನಲ್ಲಿ ಉಳಿದವರು.