ಔರಾದ್ ಹುಡುಗಿಯ ಪ್ರಶ್ನೆ

ಔರಾದ್‌ನ ಒಂದು ಕಾರ್ಯಕ್ರಮ. ಉಪಗ್ರಹಗಳ ಬಗ್ಗೆ ಮಾತಾಡಿ ಮುಗಿಸಿದ್ದೆ. ಹುಡುಗಿಯೊಬ್ಬಳು ಎದ್ದು ಕೇಳಿದಳು: "ಸರ್, ನಮ್ಮ ಬಿದ್ರಿಗೆ ಹಾಕೋ ಸತುವಿನಿಂದ ಉಪಗ್ರಹ ಓಡಿಸಬಹುದಾ?" ಸಭೆ ನಕ್ಕಿತು. ನಾನೂ ನಕ್ಕೆ. ರಾತ್ರಿ ಭಾಲ್ಕಿಯ ಮನೆಗೆ ಬಂದ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಎಂಜಿನಿಯರಿಂಗ್ ಓದಿದವನು ನಗಬಾರದಿತ್ತು.

ನೋಡಿ, ಎಲೆಕ್ಟ್ರಿಕ್ ಥ್ರಸ್ಟರ್‌ನಲ್ಲಿ ಏನನ್ನೂ ಸುಡೋದಿಲ್ಲ. ಸೌರಫಲಕದ ಕರೆಂಟಿನಿಂದ ಒಂದು ವಸ್ತುವಿನ ಪರಮಾಣುಗಳಿಗೆ ವಿದ್ಯುದಾವೇಶ ಕೊಟ್ಟು, ಸೆಕೆಂಡಿಗೆ ಹತ್ತಾರು ಕಿಲೋಮೀಟರ್ ವೇಗದಲ್ಲಿ ಹಿಂದಕ್ಕೆ ಎಸೆಯುತ್ತಾರೆ. ಉಪಗ್ರಹ ಮುಂದಕ್ಕೆ ಸರಿಯುತ್ತೆ. ಎಸೆಯೋ ವಸ್ತು ಯಾವುದಿರಬೇಕು? ಅರವತ್ತು ವರ್ಷದ ತಕರಾರು ಇದೇ.

1964ರ ಜುಲೈನಲ್ಲಿ ನಾಸಾದ ಸರ್ಟ್-1 ಎಸೆದದ್ದು ಪಾದರಸ. ಎಂಜಿನ್ 31 ನಿಮಿಷ ಓಡಿತು. 1970ರ ಸರ್ಟ್-2ರಲ್ಲೂ ಪಾದರಸವೇ. ಆದರೆ ಅದು ವಿಷ ಸ್ವಾಮಿ! ಭೂಮಿಯ ಹತ್ತಿರದ ಕಕ್ಷೆಯಲ್ಲಿ ಎಸೆದದ್ದು ಕೊನೆಗೆ ಬೀಳೋದು ನಮ್ಮ ಕೆರೆ, ಕಡಲಿಗೇ ತಾನೆ? ಉಪಗ್ರಹಗಳಲ್ಲಿ ಪಾದರಸ 2025ರೊಳಗೆ ನಿಲ್ಲಬೇಕು ಅಂತ ಮಿನಮಾಟಾ ಒಪ್ಪಂದದ ದೇಶಗಳು ತೀರ್ಮಾನಿಸಿದ್ದು ಯಾವಾಗ ಗೊತ್ತಾ? 2022ರಲ್ಲಿ.

ಪಾದರಸದ ಜಾಗಕ್ಕೆ ಬಂದದ್ದು ಕ್ಸೆನಾನ್. ಜಡ ಅನಿಲ, ಭಾರವಾದದ್ದು, ವಿಷವಲ್ಲ. 2017ರ ಮೇ 5ರಂದು ಶ್ರೀಹರಿಕೋಟಾದಿಂದ ಹಾರಿದ ನಮ್ಮ ಜಿಸ್ಯಾಟ್-9ರಲ್ಲೂ ಅದೇ ಇತ್ತು. ಕಷ್ಟ ಏನಂದ್ರೆ, ಗಾಳಿಯಲ್ಲಿ ಅದು ಕೋಟಿಗೆ ಒಂದು ಪಾಲೂ ಇಲ್ಲ. ಉಕ್ಕಿನ ಕಾರ್ಖಾನೆಗೆ ಆಮ್ಲಜನಕ ಬೇರ್ಪಡಿಸುವಾಗ ಚೂರುಪಾರು ಸಿಗುತ್ತೆ, ಅಷ್ಟೇ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಯ್ತು, ಬೆಲೆ ಗಗನಕ್ಕೇರಿತು. ನಾನು ಸ್ಟುಡಿಯೋದಲ್ಲಿ ಕೂತು ಸೂರ್ಯಕಾಂತಿ ಎಣ್ಣೆ, ಗೋಧಿ ಅಂತ ಗಂಟೆಗಟ್ಟಲೆ ಮಾತಾಡಿದೆ. ಕ್ಸೆನಾನ್ ಹೆಸರೇ ಎತ್ತಲಿಲ್ಲ.

ಎಚ್ಚೆತ್ತವರು ಮೊದಲೇ ಬೇರೆ ದಾರಿ ಹಿಡಿದಿದ್ದರು. ಸ್ಪೇಸ್‌ಎಕ್ಸ್ 2019ರಲ್ಲಿ ಸ್ಟಾರ್‌ಲಿಂಕ್‌ಗೆ ಕ್ರಿಪ್ಟಾನ್ ತುಂಬಿತು, 2023ರಲ್ಲಿ ಆರ್ಗಾನ್‌ಗೆ ಇಳಿಯಿತು. ಆರ್ಗಾನ್ ಅಂದ್ರೆ ವೆಲ್ಡಿಂಗ್ ಶಾಪ್‌ನ ಸಿಲಿಂಡರ್! ಫ್ರಾನ್ಸಿನ ಥ್ರಸ್ಟ್‌ಮಿ ಕಂಪನಿ 2020ರಲ್ಲಿ ಬಾಹ್ಯಾಕಾಶದಲ್ಲೇ ಅಯೋಡಿನ್ ಬಳಸಿ ತೋರಿಸಿತು. ಅದು ಘನವಸ್ತು, ಭಾರೀ ಒತ್ತಡದ ಟ್ಯಾಂಕ್ ಬೇಡ. ಆದರೆ ಲೋಹ ತಿನ್ನುತ್ತೆ.

ಇನ್ನು ಸತು. ಸತು, ಮೆಗ್ನೀಸಿಯಂ ಎರಡನ್ನೂ ಹಾಲ್ ಥ್ರಸ್ಟರ್‌ಗೆ ಹಾಕಿ ಅಮೆರಿಕದ ಪ್ರಯೋಗಾಲಯಗಳಲ್ಲಿ ಪರೀಕ್ಷಿಸಿದ್ದಾರೆ. ಅಗ್ಗ, ಕಡಿಮೆ ಜಾಗದಲ್ಲಿ ಹಿಡಿಯುತ್ತೆ. ತೊಡಕೆಂದರೆ, ಕಾಯಿಸಿ ಆವಿ ಮಾಡಬೇಕು. ತಣ್ಣನೆಯ ಭಾಗ ಸಿಕ್ಕಿದ ಕಡೆ ಆವಿ ಮತ್ತೆ ಗಟ್ಟಿಯಾಗಿ ಅಂಟಿ ಕೂರುತ್ತೆ. ಬಿದ್ರಿ ಪಾತ್ರೆಯಲ್ಲೂ ಹೆಚ್ಚಿನ ಪಾಲು ಸತುವೇ, ತಾಮ್ರ ಸ್ವಲ್ಪ. ಸತು ಕರಗಿಸಿ ಎರಕ ಹೊಯ್ಯೋದು ಬೀದರಿನ ಓಣಿಗಳಲ್ಲಿ ತಲೆಮಾರುಗಳ ಕೆಲಸ. ಆ ಹುಡುಗಿಗೆ ಪ್ರಶ್ನೆ ಎಲ್ಲಿಂದ ಹುಟ್ಟಿತು ಅಂತ ಆಗ ಹೊಳೆಯಿತು.

ಉತ್ತರ ತಡವಾಯ್ತು. ಓಡುತ್ತಮ್ಮ, ಪ್ರಯೋಗಾಲಯದಲ್ಲಿ ಆಗಲೇ ಓಡಿದೆ. ನಕ್ಕಿದ್ದು ನನ್ನ ತಪ್ಪು.