ಅರಳೆ ಉಂಡಿಯಿಂದ ಗಾಳಿ ಗನ್ನಿನ ತನಕ

ಬೆಳ್ಳಿಹಬ್ಬದ ಈ ಸ್ಮರಣ ಸಂಚಿಕೆಗೆ ಏನಾದರೊಂದು ಇತಿಹಾಸ ಬರೆದುಕೊಡಿರೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನಾವು ಹಿಂದೆ ಸರಿದೆವು. ಬಹಮನಿ ಸುಲ್ತಾನರ ಇತಿಹಾಸ ಬರೆಯುವವರು ಬೀದರದಾಗ ಬೇಕಾದಷ್ಟು ಮಂದಿ ಇದ್ದಾರೆ, ನಮ್ಮದು ಸಾಲದ ಖಾತೆ ಬರೆಯುವ ಕೈ. ಆದರೆ ಸಂಘದ ಹಳೆಯ ಠರಾವು ಬುಕ್ಕು ತಿರುವುವಾಗ ಒಂದು ವಿಷಯ ಕಣ್ಣಿಗೆ ಬಿತ್ತು: ಬಡಿಗತನದ ಸದಸ್ಯರಿಗೆ ಗಾಳಿ ಮಷೀನು ಕೊಳ್ಳಲು ಸಾಲ ಕೊಡುವ ವಿಚಾರ. ಆ ಒಂದು ಸಾಲಿನ ಹಿಂದೆ ಎಷ್ಟು ಜಗಳ ನಡೆದಿತ್ತೆಂಬುದು ಇಂದಿನ ಹುಡುಗರಿಗೆ ಗೊತ್ತಿಲ್ಲ. ಅದನ್ನೇ ಬರೆಯುತ್ತೇವೆ.

ಕಟ್ಟಿಗೆಗೆ ಮೆರುಗು ಕೊಡುವ ಕೆಲಸ ನಮ್ಮ ಜಿಲ್ಲೆಗೆ ಹೊಸದಲ್ಲ. ಬೀದರ ಕೋಟೆಯ ರಂಗೀನ ಮಹಲಿನಲ್ಲಿ ಕರಿಕಲ್ಲಿಗೆ ಕೂಡಿಸಿದ ಮುತ್ತಿನ ಚಿಪ್ಪನ್ನು ಎಲ್ಲರೂ ನೋಡುತ್ತಾರೆ. ಅಲ್ಲೇ ಇರುವ ಕೆತ್ತನೆಯ ಕಟ್ಟಿಗೆ ಕಂಬಗಳನ್ನು ನಿಂತು ನೋಡುವವರು ಕಡಿಮೆ. 16ನೆಯ ಶತಮಾನದಲ್ಲಿ ಅಲಿ ಬರೀದ ಶಾಹನ ಕಾಲದ ಕೆಲಸ ಅದು. ಬಿದರಿ ಕೆಲಸದಲ್ಲಿಯೂ ಹಾಗೆಯೇ. ಸತುವು ತಾಮ್ರದ ಎರಕಕ್ಕೆ ಬೆಳ್ಳಿ ಕೂಡಿಸಿದ ಮೇಲೆ ಕೋಟೆಯ ಮಣ್ಣಿನಿಂದ ಕಪ್ಪು ತರಿಸಿ, ಕಡೆಗೆ ಎಣ್ಣೆ ತಿಕ್ಕಿದಾಗಲೇ ಸಾಮಾನಿಗೆ ಕಳೆ.

ಭಾಲ್ಕಿ, ಔರಾದ ಕಡೆಯ ಹಳ್ಳಿಗಳ ಹಳೇ ವಾಡೆಗಳ ಬಾಗಿಲಿಗೆ ಅಗಸಿ ಎಣ್ಣೆಯೇ ಗತಿ. ಚಂದ ಆಗಬೇಕೆಂದರೆ ಚಪಡಾ ಪಾಲಿಶು. ಚಪಡಾ ಅಂದರೆ ಅರಗು. ಮುತ್ತಲ, ಬಾರಿ ಇಂಥ ಗಿಡಗಳ ಮೇಲೆ ಒಂದು ಸಣ್ಣ ಹುಳ ಕಟ್ಟುವ ಅಂಟು. ಅದನ್ನು ಕರಗಿಸಿ ತೆಳ್ಳಗೆ ಹರವಿ ಮಾಡಿದ ಚಕ್ಕೆಗಳನ್ನು ರಾತ್ರಿಯಿಡೀ ಸ್ಪಿರಿಟಿನಲ್ಲಿ ನೆನೆಸಿ, ಅರಳೆಯನ್ನು ಅರಿವೆಯಲ್ಲಿ ಸುತ್ತಿ ಉಂಡಿ ಮಾಡಿ, ಕೈ ನಿಲ್ಲಿಸದೆ ಎಳೆಯಬೇಕು. ಕೈ ಒಂದು ಕ್ಷಣ ನಿಂತರೂ ಅಲ್ಲೊಂದು ಕಲೆ. ಒಂದು ಜೋಡಿ ಬಾಗಿಲಿಗೆ ನಮ್ಮೂರ ಬಡಿಗೇರ ಕಾಕಾ ಎಂಟು ದಿನ ತೊಗೋತಿದ್ದರು. ಆ ಮೆರುಗಿನ ಮುಂದೆ ಯಾವುದೂ ಇಲ್ಲ ಅಂತ ಇವತ್ತೂ ನಮಗ ಅನಸ್ತದ. ಆದರೆ ಬಿಸಿ ಚಹಾದ ಬಟ್ಟಲಿಟ್ಟರೆ ಬಿಳಿ ಉಂಗುರ ಬೀಳುತ್ತದೆ, ನೀರು ಬಿದ್ದರೂ ಅದೇ ಪಾಡು.

ಇನ್ನು ಗಾಳಿ ಗನ್ನಿನ ಹುಟ್ಟು ಕೇಳಿದರೆ ನಗು ಬರುತ್ತದೆ. ಅಮೆರಿಕೆಯ ಓಹಾಯೊ ಪ್ರಾಂತದ ಡಾ. ಅಲೆನ್ ಡಿವಿಲ್ಬಿಸ್ ಎಂಬ ವೈದ್ಯರು ರೋಗಿಗಳ ಗಂಟಲಿಗೆ ಔಷಧ ಸಿಂಪಡಿಸುವ ಸಲಕರಣೆಯನ್ನು 1888ರಲ್ಲಿ ಮಾರಾಟಕ್ಕಿಟ್ಟರು. ಅವರ ಮಗ ಥಾಮಸ್ 1907ರ ಸುಮಾರಿಗೆ ಅದೇ ಉಪಾಯವನ್ನು ಬಣ್ಣಕ್ಕೆ ತಂದರು. ಮುಂದೆ 1920ರ ದಶಕದಲ್ಲಿ ಮೋಟಾರುಗಳಿಗೆ ನೈಟ್ರೋಸೆಲ್ಯುಲೋಸ್ ಲ್ಯಾಕರು ಬಂತು. ಅದು ಎಷ್ಟು ಬೇಗ ಒಣಗುತ್ತದೆಂದರೆ ಬ್ರಶ್ಶು ಎಳೆಯಲು ಪುರಸೊತ್ತೇ ಕೊಡುವುದಿಲ್ಲ. ಹೀಗಾಗಿ ಗನ್ನಿಲ್ಲದೆ ಲ್ಯಾಕರಿಲ್ಲ ಎನ್ನುವಂತಾಯಿತು. ನಾವೂ ಗನ್ನು ಮೊದಲು ಕಂಡದ್ದು ಬೀದರದ ಮೋಟಾರು ಗ್ಯಾರೇಜಿನಲ್ಲೇ, ಬಡಿಗರ ಅಂಗಳದಲ್ಲಲ್ಲ.

1905ರಲ್ಲಿ ಗದಗ ಕಡೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ಸಾವಕಾರನ ಬಡ್ಡಿಯಿಂದ ರೈತನನ್ನು ಬಿಡಿಸಲಿಕ್ಕೆ. ಬಡಿಗನೂ ಅದೇ ಬಡ್ಡಿಯೊಳಗೆ ಬಿದ್ದವನು. ಆದ್ದರಿಂದ ಕಾಕಾನ ಮಗ ಗಾಳಿ ಮಷೀನಿಗೆ ಸಾಲ ಕೇಳಿದಾಗ ನಾವು ಬ್ಯಾಡ ಅನ್ನಲಿಲ್ಲ. ತಪ್ಪಾದದ್ದು ಬೇರೆ ಕಡೆ: ಮಷೀನು ಎಂಥಾದ್ದೆಂದು ನಾವ್ಯಾರೂ ಕೇಳಲಿಲ್ಲ. ಪ್ಯಾಟಿಯ ಒಬ್ಬ ಅಂಗಡಿಯವ ಒಂದು ಎಚ್‌ಪಿ ಕಂಪ್ರೆಸರು, ಅದಕ್ಕೊಂದು ದೊಡ್ಡ ಗನ್ನು ಜೋಡಿಸಿ ಕೊಟ್ಟ. ಒಂದು ಎಚ್‌ಪಿ ಮಷೀನು ನಿಮಿಷಕ್ಕೆ ಮೂರು ನಾಲ್ಕು ಘನ ಅಡಿ ಗಾಳಿ ಕೊಟ್ಟರೆ ಹೆಚ್ಚು. ಆ ಗನ್ನು ಹತ್ತು ಕೇಳುತ್ತಿತ್ತು. ಅರ್ಧ ಬಾಗಿಲು ಆಗುವುದರೊಳಗೆ ಗಾಳಿ ಸೋತು ಲ್ಯಾಕರು ಹನಿ ಹನಿಯಾಗಿ ಉಗುಳುತ್ತಿತ್ತು. ಮೇಲೆ ಶ್ರಾವಣದ ಜಿಟಿಜಿಟಿ ಮಳೆ. ಥಿನ್ನರು ಹಾರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂತು, ಮದುವೆ ಮನೆಯ ಕಪಾಟು ಹಾಲು ಚೆಲ್ಲಿದಂತೆ ಬೆಳ್ಳಗಾಯಿತು. ಗಿರಾಕಿ ರೊಕ್ಕ ಕೊಡಲಿಲ್ಲ. ಮೂರು ಕಂತು ನಿಂತವು. ಜಾಮೀನು ನಿಂತಿದ್ದ ಇಬ್ಬರು ರೈತರಿಗೆ ನೋಟೀಸು ಹೋಯಿತು. ಆ ನೋಟೀಸು ಬರೆದದ್ದು ನಮ್ಮ ಕೈಯೇ.

ಸಭೆಗೆ ಕಾಕಾ ಬಂದು, “ಸೆಕ್ರೆಟರಿ ಸಾಹೇಬ್ರ, ತಪ್ಪು ಹುಡುಗಂದೋ, ಮಷೀನಂದೋ? ತಿಳೀದೆ ಸಾಲ ಕೊಟ್ಟವರದೂ ಸ್ವಲ್ಪ ಅದಾ ಇಲ್ಲೋ?” ಅಂದರು. ಉತ್ತರ ನಮ್ಮ ಹತ್ತಿರ ಇರಲಿಲ್ಲ.

ಆಮೇಲೆ ನಾವು ಬೀದರ, ಹೈದರಾಬಾದು ತಿರುಗಿ ವಿಚಾರಿಸಿದೆವು. ಹಳೇ ಮಾದರಿ ಗನ್ನು ನಲವತ್ತು ಐವತ್ತು ಪೌಂಡು ಒತ್ತಡದಲ್ಲಿ ಹೊಡೆಯುತ್ತದೆ. ಕೆಲಸ ನುಣುಪು, ಆದರೆ ಮಾಲಿನ ಮೂರರಲ್ಲಿ ಒಂದು ಪಾಲಷ್ಟೇ ಕಟ್ಟಿಗೆಗೆ ಹತ್ತಿ ಉಳಿದದ್ದು ಮಂಜಾಗಿ ಹಾರುತ್ತದೆ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕಡೆ ಹೊಗೆ ಮಾಲಿನ್ಯದ ಕಾಯ್ದೆ ಬಿಗಿಯಾದಾಗ ಕಡಿಮೆ ಒತ್ತಡ, ಹೆಚ್ಚು ಗಾಳಿಯ ಎಚ್‌ವಿಎಲ್‌ಪಿ ಗನ್ನು ಚಾಲ್ತಿಗೆ ಬಂತು. ಮೂತಿಯ ಹತ್ತಿರ ಹತ್ತು ಪೌಂಡು ಮೀರಬಾರದು, ನೂರಕ್ಕೆ ಅರವತ್ತೈದರಷ್ಟು ಮಾಲು ಹತ್ತಬೇಕು ಎಂಬುದು ಅದರ ಕಟ್ಟಳೆ. ಲ್ಯಾಕರಿನ ಡಬ್ಬಿಯ ದರ ನೋಡಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಆದರೆ ಕಂಪ್ರೆಸರಿಗೆ ಕಟ್ಟಿದರೆ ಈ ಗನ್ನಿಗೆ ಗಾಳಿ ಇನ್ನೂ ಹೆಚ್ಚು ಬೇಕು. ಮೂರು ಎಚ್‌ಪಿಗಿಂತ ಕಡಿಮೆ ಇದ್ದರೆ ತಗೋಬ್ಯಾಡ್ರಿ. ಟರ್ಬೈನಿನ ಮೇಲೆ ನಡೆಯುವುದು ಇನ್ನೊಂದು ಬಗೆ. ಮನೆಯ ಸಿಂಗಲ್ ಫೇಸ್ ಕರೆಂಟಿಗೆ ನಡೆಯುತ್ತದೆ, ಹೊತ್ತುಕೊಂಡು ಹೋಗಬಹುದು, ಗಾಳಿ ಬೆಚ್ಚಗೆ ಒಣಗಿ ಬರುವುದರಿಂದ ನೀರಿನ ಕಾಟವಿಲ್ಲ. ಗಟ್ಟಿ ಮಾಲು ಮಾತ್ರ ಅದಕ್ಕೆ ಸಾಗದು, ತೆಳ್ಳಗೆ ಮಾಡಬೇಕು. ಗಾಳಿಯಿಲ್ಲದೆ ಬರೀ ಒತ್ತಡದಿಂದ ಹೊಡೆಯುವ ಏರ್‌ಲೆಸ್ ಮಷೀನು ಗೋಡೆ, ಗೋದಾಮಿಗೆ ಸರಿ. ಅದರ ಒತ್ತಡ ಸಾವಿರ ಪೌಂಡುಗಳ ಲೆಕ್ಕದ್ದು. ಮೂತಿಗೆ ಬೆರಳು ಹಿಡಿದರೆ ಬಣ್ಣ ಚರ್ಮದೊಳಗೆ ಹೊಕ್ಕು ಬೆರಳೇ ಹೋದೀತು. ಕಪಾಟು ಮಾಡುವವನಿಗೆ ಅದು ಬೇಕಿಲ್ಲ.

ಇಷ್ಟೆಲ್ಲ ತಿಳಿದ ಮೇಲೂ ಒಂದು ವಿಷಯದಲ್ಲಿ ಆಡಳಿತ ಮಂಡಳಿಯಲ್ಲಿ ಎರಡು ಸಭೆ ಜಗಳವಾಯಿತು: ಮೂಗಿನ ಮಾಸ್ಕಿಗೂ ಸಾಲವೇ? ಹುಡುಗರು ಹೆಗಲ ಟಾವೆಲು ಮೂಗಿಗೆ ಕಟ್ಟಿ ಹೊಡೀತಿದ್ದರು. ಟಾವೆಲು ಧೂಳು ಸ್ವಲ್ಪ ತಡೆದೀತು, ಥಿನ್ನರಿನ ಆವಿ ತಡೆಯದು. ಅದಕ್ಕೆ ಇದ್ದಿಲಿನ ಡಬ್ಬಿಯ ಮಾಸ್ಕೇ ಬೇಕು. ಎರಡು ಡಬ್ಬಿ ಕಲಸಿ ಹೊಡೆಯುವ ಪಿಯು ಪಾಲಿಶಿನ ಗಟ್ಟಿಕಾರಕದಲ್ಲಿರುವ ಐಸೋಸೈನೇಟು ದಮ್ಮು ತರುತ್ತದೆ. ಒಮ್ಮೆ ಹತ್ತಿದರೆ ಆ ಕೆಲಸವನ್ನೇ ಬಿಡಬೇಕಾಗುತ್ತದೆ. ಲ್ಯಾಕರಿನ ಮಂಜು ಬೆಂಕಿಗೂ ಹತ್ತಿರ. ಪಕ್ಕದಲ್ಲಿ ಚಹಾದ ಒಲೆ ಉರಿಯುವಾಗ ಗನ್ನು ಹಿಡಿದವರನ್ನು ನಾವೇ ಕಣ್ಣಾರೆ ಕಂಡು ಬೈದಿದ್ದೇವೆ.

ಕೊನೆಗೆ ಆದ ಠರಾವು ಇದು: ಸಾಲದ ಅರ್ಜಿಯಲ್ಲಿ ಕಂಪ್ರೆಸರಿನ ಗಾಳಿ ಮತ್ತು ಗನ್ನು ಬೇಡುವ ಗಾಳಿ ಎರಡನ್ನೂ ಬರೆಯಬೇಕು; ನೀರು, ಎಣ್ಣೆ ಹಿಡಿಯುವ ಫಿಲ್ಟರು ಮತ್ತು ಮಾಸ್ಕು ಮಷೀನಿನ ಬೆಲೆಯಲ್ಲೇ ಸೇರಿರಬೇಕು; ಮಳೆಗಾಲದ ಮೂರು ತಿಂಗಳು ಕಂತು ಅರ್ಧ. ಕಡೆಯ ಅಂಶ ಸೂಚಿಸಿದವರು ನೋಟೀಸು ತಿಂದಿದ್ದ ಜಾಮೀನುದಾರರಲ್ಲಿ ಒಬ್ಬರು.

ಕಾಕಾನ ಮಗ ಈಗ ಟರ್ಬೈನು ಇಟ್ಟಿದ್ದಾನೆ. ದೇವರ ಮಂಟಪ ಬಂದರೆ ಮಾತ್ರ ತಂದೆಗೇ ಬಿಡುತ್ತಾನೆ, ಅವರು ಇಂದಿಗೂ ಚಪಡಾ ನೆನೆಸುತ್ತಾರೆ. ಆ ಮೊದಲಿನ ಒಂದು ಎಚ್‌ಪಿ ಕಂಪ್ರೆಸರು ಔರಾದ ರಸ್ತೆಯ ಪಂಕ್ಚರ್ ಅಂಗಡಿಯಲ್ಲಿದೆ. ಮೋಟಾರ್ ಸೈಕಲ್ಲಿಗೆ ಗಾಳಿ ತುಂಬಿ ಅದೇ ತನ್ನ ಸಾಲದ ಬಾಕಿ ತೀರಿಸಿತು.