ಕಬ್ಬಿಣ ಒಬ್ಬರದು, ಹೆಸರು ಇನ್ನೊಬ್ಬರದು

ಮದ್ರಾಸಿನ ಮೊದಲ ಕಾರು ಹೊರಟದ್ದು ಅಡ್ಯಾರಿನಿಂದ. 1894ರಲ್ಲಿ ಪ್ಯಾರಿ ಕಂಪನಿಯ ನಿರ್ದೇಶಕ ಎ.ಜೆ. ಯಾರ್ಕ್ ಅಡ್ಯಾರಿನ ಬೆನ್ಸ್ ಗಾರ್ಡನ್ಸ್ ಬಂಗಲೆಯಿಂದ ಪ್ಯಾರೀಸ್ ಕಾರ್ನರಿನ ಕಚೇರಿಗೆ ದಿನವೂ ಕಾರಿನಲ್ಲಿ ಹೋಗುತ್ತಿದ್ದರು ಎಂದು ನಗರದ ಇತಿಹಾಸಕಾರರು ದಾಖಲಿಸಿದ್ದಾರೆ. ಊರಿನಲ್ಲಿ ಇದ್ದದ್ದೇ ಒಂದು ಕಾರು. ಅದು ಯಾರದೆಂದು ಯಾರೂ ಕಾಗದ ತೋರಿಸಿ ರುಜುವಾತು ಮಾಡಬೇಕಿರಲಿಲ್ಲ.

ಕೆಲವೇ ವರ್ಷಗಳಲ್ಲಿ ಕಾರುಗಳು ಹೆಚ್ಚಿದವು, ನಂಬರುಗಳು ಬಂದವು. ಎಂ.ಸಿ. 1 ಮದ್ರಾಸ್ ಬಂದರನ್ನು ಕಟ್ಟಿ ಬೆಳೆಸಿದ ಫ್ರಾನ್ಸಿಸ್ ಸ್ಪ್ರಿಂಗ್ ಅವರ ಕಾರಿಗೆ ಸಿಕ್ಕಿತು. 1914ರಲ್ಲಿ ಇಡೀ ಬ್ರಿಟಿಷ್ ಇಂಡಿಯಾಕ್ಕೆ ಅನ್ವಯಿಸುವ ಮೋಟಾರು ವಾಹನ ಕಾಯಿದೆ ಬಂತು. ಆಗಲೂ ಕಾರಿನ ಮಾರಾಟ ದನದ ಜಾತ್ರೆಯ ವ್ಯಾಪಾರದಂತೆಯೇ ಇತ್ತು. ದುಡ್ಡು ಎಣಿಸಿ ಹಗ್ಗ ಹಿಡಿಸಿದರೆ ಎತ್ತು ಕೊಂಡವನದು. ಹಾಗೆಯೇ ಕೀಲಿಕೈ ಕೊಟ್ಟರೆ ಕಾರು ಕೊಂಡವನದು. 1930ರ ಸರಕು ಮಾರಾಟ ಕಾಯಿದೆಯ ಪ್ರಕಾರ ಕಾರೂ ಒಂದು ಚರ ವಸ್ತುವಷ್ಟೇ.

1939ರ ಮೋಟಾರು ವಾಹನ ಕಾಯಿದೆ ವರ್ಗಾವಣೆಯನ್ನು ಕಚೇರಿಗೆ ತಿಳಿಸಬೇಕೆಂದಿತು. ಆದರೆ ‘ಮಾಲೀಕ’ ಎಂಬ ಪದಕ್ಕೆ ಅದು ಕೊಟ್ಟ ವಿವರಣೆ ಎರಡೇ ಸಂದರ್ಭಗಳಿಗೆ ಸೀಮಿತವಾಗಿತ್ತು: ವಾಹನ ಅಪ್ರಾಪ್ತನ ಸ್ವಾಧೀನದಲ್ಲಿದ್ದರೆ ಅವನ ಪೋಷಕ, ಕಂತಿನ ಕರಾರಿನಲ್ಲಿದ್ದರೆ ಅದನ್ನು ಸ್ವಾಧೀನದಲ್ಲಿ ಇಟ್ಟುಕೊಂಡವನು. ಪುಸ್ತಕದಲ್ಲಿ ಯಾರ ಹೆಸರಿದೆ ಎಂಬುದು ಆ ವಿವರಣೆಯಲ್ಲಿ ಇರಲಿಲ್ಲ.

ಇಂದು ಚೆನ್ನೈಯಲ್ಲಿ ಹವ್ಯಾಸಿಗಳು ಹುಡುಕುವ ಎಷ್ಟೋ ಕಾರುಗಳು ಆ ಕಾಲದವು. ವಂಡಲೂರಿನ ಸ್ಟ್ಯಾಂಡರ್ಡ್ ಮೋಟಾರ್ ಕಾರ್ಖಾನೆಯಿಂದ 1961ರಲ್ಲಿ ಹೆರಾಲ್ಡ್ ಬಂತು, 1972ರಲ್ಲಿ ಗಜೆಲ್. ಬಿಚ್ಚಿ, ಜೋಡಿಸಿ, ಮತ್ತೆ ಓಡಿಸುವ ಆಸೆಯಿಂದ ಕೊಳ್ಳುವ ಇಂಥ ಹಳೆಯ ಕಾರಿಗೆ ಅವರು ‘ಪ್ರಾಜೆಕ್ಟ್ ಕಾರ್’ ಎನ್ನುತ್ತಾರೆ. ಹೆರಾಲ್ಡಿನಲ್ಲಿ ಬಾಡಿ ಬೇರೆ, ಚಾಸಿ ಬೇರೆ. ಬೋಲ್ಟು ಬಿಚ್ಚಿದರೆ ಎರಡೂ ಬೇರ್ಪಡುತ್ತವೆ. ಪುದುಪೇಟೆಯ ಹಳೆ ಬಿಡಿಭಾಗಗಳ ಅಂಗಡಿಗಳಲ್ಲಿ ಹುಡುಕಿ, ನಾಲ್ಕು ಕಾರುಗಳ ಭಾಗಗಳಿಂದ ಒಂದನ್ನು ಕಟ್ಟಬಹುದು. ಆದರೆ ಆರ್.ಸಿ. ಪುಸ್ತಕಕ್ಕೆ ಗೊತ್ತಿರುವುದು ಒಂದು ಚಾಸಿ ನಂಬರು, ಒಂದು ಎಂಜಿನ್ ನಂಬರು, ಒಂದು ಹೆಸರು.

ಆ ಹೆಸರಿನ ತೂಕ ಹೆಚ್ಚಿದ್ದು 1989ರ ಜುಲೈ 1ರಂದು. ಅಂದು ಜಾರಿಗೆ ಬಂದ 1988ರ ಕಾಯಿದೆ ಮಾಲೀಕ ಎಂದರೆ ಯಾರ ಹೆಸರಿನಲ್ಲಿ ವಾಹನ ನೋಂದಣಿಯಾಗಿದೆಯೋ ಅವರು ಎಂದಿತು. ಇದರ ಅರ್ಥವೇನೆಂದು 2018ರ ಸುಪ್ರೀಂ ಕೋರ್ಟ್ ತೀರ್ಪೊಂದು ಸ್ಪಷ್ಟಪಡಿಸಿತು. ಒಬ್ಬರು ತಮ್ಮ ಮಾರುತಿ 800 ಕಾರನ್ನು 2007ರಲ್ಲೇ ಮಾರಿದ್ದರು. ಅದು ಕೈಯಿಂದ ಕೈಗೆ ಹೋಗಿ 2009ರಲ್ಲಿ ಅಪಘಾತವಾಯಿತು. ಪುಸ್ತಕದಲ್ಲಿ ಮಾತ್ರ ಹೆಸರು ಬದಲಾಗಿರಲಿಲ್ಲ. ಪರಿಹಾರದ ಹೊಣೆ ಮೊದಲು ಮಾರಿದವರದೇ ಎಂದು ನ್ಯಾಯಾಲಯ ಹೇಳಿತು. ಅಪಘಾತದಲ್ಲಿ ನೊಂದವರು ಒಬ್ಬ ಖರೀದಿದಾರನಿಂದ ಇನ್ನೊಬ್ಬನತ್ತ ಅಲೆಯುವಂತಾಗಬಾರದು ಎಂಬುದು ಅದರ ತರ್ಕ.

ಈ ತರ್ಕ ನ್ಯಾಯವಾದದ್ದು. ಆದರೆ ಅದರ ಭಾರ ಬೀಳುವುದು ‘ಕಬ್ಬಿಣದ ಬೆಲೆಗೆ ಕೊಟ್ಟುಬಿಡೋಣ’ ಎನ್ನುವ ಮನೆಗಳ ಮೇಲೆ. ಅಡ್ಯಾರಿನ ಕಾಂಪೌಂಡೊಂದರಲ್ಲಿ ತಾಡಪಾಲಿನ ಕೆಳಗೆ ತಂದೆಯ ಹೆರಾಲ್ಡ್ ನಿಂತಿದೆ ಎಂದುಕೊಳ್ಳೋಣ. ತಂದೆ ತೀರಿಕೊಂಡಿದ್ದಾರೆ, ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಕೊಳ್ಳಲು ಬಂದ ಹುಡುಗ ನಗದು ಹಿಡಿದು, ‘ಖಾಲಿ ಫಾರಂ 29, 30ಕ್ಕೆ ಸಹಿ ಹಾಕಿ ಕೊಡಿ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ’ ಎನ್ನುತ್ತಾನೆ. ಸಹಿ ಹಾಕಬೇಕಾದವರು ಬದುಕಿಲ್ಲ. ಮಕ್ಕಳ ಹೆಸರು ಪುಸ್ತಕದಲ್ಲಿಲ್ಲ. ಇದು ನೀರಿನಲ್ಲಿರುವ ಎಮ್ಮೆಯ ವ್ಯಾಪಾರ.

ಸರಿಯಾದ ದಾರಿ ಉದ್ದ. ಮೊದಲು ಫಾರಂ 31ರ ಮೂಲಕ ವಾರಸುದಾರರ ಹೆಸರಿಗೆ ವರ್ಗಾವಣೆ. ಹಳೆಯ ಸಾಲದ ನಮೂದು ಉಳಿದಿದ್ದರೆ ಫಾರಂ 35. ಪುಸ್ತಕ ಕಳೆದಿದ್ದರೆ ನಕಲು ಪ್ರತಿಗೆ ಫಾರಂ 26. ಕಾರು ಕರ್ನಾಟಕಕ್ಕೆ ಹೋಗುವುದಾದರೆ ಫಾರಂ 28ರ ನಿರಾಕ್ಷೇಪಣಾ ಪತ್ರ. ಇವೆಲ್ಲ ಆದ ಮೇಲೆ 29 ಮತ್ತು 30. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ವಾಹನಗಳಿಗೆ ‘ವಿ.ಎ.’ ಅಕ್ಷರಗಳ ಪ್ರತ್ಯೇಕ ನೋಂದಣಿ ತಂದಾಗ ಹವ್ಯಾಸಿಗಳಿಗೆ ಹೊಸ ಬಾಗಿಲೊಂದು ಕಂಡಿತು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ದೇಶದಲ್ಲಿ ಈಗಾಗಲೇ ನೋಂದಣಿಯಾದ ಕಾರಿಗೆ ಅಲ್ಲಿಯೂ ಹಳೆಯ ಆರ್.ಸಿ. ಬೇಕು.

ಕಾಗದ ಸರಿಪಡಿಸಲಾಗದ ಕಾರಿಗೆ ಇನ್ನೊಂದು ದಾರಿಯಿದೆ. ವಾಹನ ಶಾಶ್ವತವಾಗಿ ಓಡದಂತಾಗಿದ್ದರೆ ನೋಂದಣಿಯನ್ನೇ ರದ್ದು ಮಾಡಿಸಬಹುದು. ಆಗ ಮನೆಯವರಿಗೆ ನೆಮ್ಮದಿ ಸಿಗುತ್ತದೆ, ಕಾರಿಗೆ ಮಾತ್ರ ರಸ್ತೆ ಮುಗಿಯುತ್ತದೆ. ಹೆಸರು ಬದಲಾಯಿಸದೆ ಕೊಟ್ಟರೆ ಕಾರು ಮತ್ತೆ ಓಡಬಹುದು, ಆದರೆ ಅದು ಎಲ್ಲೇ ಗುದ್ದಿದರೂ ಸಮನ್ಸು ಹುಡುಕಿಕೊಂಡು ಬರುವುದು ಪುಸ್ತಕದಲ್ಲಿರುವ ಹೆಸರಿನ ಮನೆಗೆ. ಹಗ್ಗ ಹಿಡಿಸಿದರೆ ಮುಗಿಯುತ್ತಿದ್ದ ವ್ಯಾಪಾರ ಈಗ ಮುಗಿಯುವುದು ಪುಸ್ತಕದಲ್ಲಿ ಹೆಸರು ಬದಲಾದಾಗ. ಅಲ್ಲಿಯವರೆಗೆ, ತಾಡಪಾಲಿನ ಕೆಳಗಿನ ಆ ಕಾರು ಎಲ್ಲಿಗೇ ಹೋಗಲಿ, ಅದರ ಲೆಕ್ಕ ಅಡ್ಯಾರಿನ ಮನೆಯಲ್ಲೇ ಇರುತ್ತದೆ.